ನೀರು ನೋಡುವ ಕಾಲು

ಬೂಸಾನ್ ಬಂದರಿನ ಮೇಲಿನ ಗುಡ್ಡದಲ್ಲಿರುವ ಯೊಂಗ್ವಾ ಸಾರ್ವಜನಿಕ ಸ್ನಾನದ ಮನೆಯಲ್ಲಿ, ನೀರಿನ ಬಿಸಿ ಎಷ್ಟೆಂದು ತೋರಿಸುವ ಅಂಕಿಪಟ್ಟಿಯೊಂದು ಗೋಡೆಯ ಮೇಲೆ ಕೆಂಪಗೆ ಮಿನುಗುತ್ತಿತ್ತು. ಹೆಂಗಸರ ಕಡೆ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವರು ನಂಬಿದ್ದು ಮಾಲ್ಸುನಳ ಬಲಗಾಲನ್ನು. ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಅವಳು ದೊಡ್ಡ ತೊಟ್ಟಿಯ ಅಂಚಿಗೆ ಬಂದು ಬಲಗಾಲನ್ನು ಹರಡಿನವರೆಗೆ ಇಳಿಸುತ್ತಿದ್ದಳು. "ಇನ್ನೊಂಚೂರು ಬೇಕು" ಎಂದರೆ ಕೆಳಗೆ ಬಾಯ್ಲರ್ ಮನೆಯಲ್ಲಿ ಸ್ನಾನದ ಮನೆಯ ಯಜಮಾನ ಪ್ಯೋ ತಿರುಪು ತಿರುಗಿಸಬೇಕು. "ಸಾಕು, ಇಳೀರಿ" ಎಂದರೆ ಮುದುಕಿಯರೆಲ್ಲ ಇಳಿಯಬೇಕು. ಮೂವತ್ತು ವರ್ಷ ಹೀಗೇ ನಡೆದಿತ್ತು, ಒಂದು ದಿನವೂ ಆ ಕಾಲು ತಪ್ಪು ಹೇಳಿರಲಿಲ್ಲ.

ಮಾಲ್ಸುನ್ ಅಲ್ಲಿ ಮೈ ಉಜ್ಜುವವಳು. ಕೈಗೆ ಹಸಿರು ಬಣ್ಣದ ಒರಟು ಬಟ್ಟೆಯ ಚೀಲ ತೊಟ್ಟು ಮೇಜಿನ ಮೇಲೆ ಮಲಗಿದವಳನ್ನು ಮೀನು ಹೊರಳಿಸಿದ ಹಾಗೆ ಹೊರಳಿಸಿ, ಆಕೆಗೇ ಮರೆತುಹೋಗಿದ್ದ ಕೊಳೆಯನ್ನೆಲ್ಲ ಹೊಸೆದು ತೆಗೆಯುತ್ತಿದ್ದಳು. ಮೂಲೆಯಲ್ಲಿ ಬೆನ್ನು ಉಜ್ಜುವ ಯಂತ್ರವೂ ಇತ್ತು. ಗುಂಡಿ ಒತ್ತಿ ಬೆನ್ನು ಒಡ್ಡಿದರೆ ಗರಗರ ತಿರುಗುತ್ತದೆ. ಮಾಲ್ಸುನ್ ಅದರ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದಳು. ಅರವತ್ತೆರಡು ವಯಸ್ಸು, ಮೂಗಿನ ತುದಿಯಲ್ಲಿ ಕೋಪ, ರಟ್ಟೆಯಲ್ಲಿ ಹಡಗು ಎಳೆಯುವಷ್ಟು ಬಲ.

ಹೊರಗೆ, ಬಟ್ಟೆ ಬಿಚ್ಚಿಡುವ ಕೋಣೆಯಲ್ಲಿ ಬೊಕ್ಜಾಳ ಪುಟ್ಟ ಅಂಗಡಿ. ಬೊಕ್ಜಾ ಮಾಲ್ಸುನಳಿಗಿಂತ ಎರಡು ವರ್ಷ ದೊಡ್ಡವಳು, ಅವಳ ಜೀವದ ಗೆಳತಿ. ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನ ನೆನೆಸಿ, ಸಕ್ಕರೆ ಸುರಿದು, ಮಂಜುಗಡ್ಡೆಯಂತೆ ತಣ್ಣಗಾಗಿಸಿ ಅವಳು ಮಾಡುತ್ತಿದ್ದ ಸಿಖ್ಯೆ ಪಾನಕಕ್ಕೆ ಕೆಳಗಿನ ಮೀನು ಸಂತೆಯಿಂದಲೂ ಜನ ಹತ್ತಿ ಬರುತ್ತಿದ್ದರು. ಮೈ ಹಗುರಾದ ಹೆಂಗಸು ಹೊರಗೆ ಬಂದು, "ಮಾಲ್ಸುನಕ್ಕನಿಗೆ ನನ್ನ ಲೆಕ್ಕದಲ್ಲಿ ಒಂದು ಸಿಖ್ಯೆ" ಎನ್ನುವುದು ಅಲ್ಲಿಯ ಮರ್ಯಾದೆ. ಹಾಗೆ ಬಂದ ಲೋಟವನ್ನು ಬೇಡ ಎನ್ನುವುದು ಅವಮಾನ. ನಿನ್ನ ಮೈ ಉಜ್ಜುವ ಕೆಲಸ ನನಗೆ ಹಿಡಿಸಲಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಹಬ್ಬದ ಹಿಂದಿನ ದಿನಗಳಲ್ಲಿ ಮಾಲ್ಸುನ್ ಊಟವನ್ನೇ ಬಿಟ್ಟು ಬರೀ ಸಿಖ್ಯೆಯಲ್ಲಿ ದಿನ ಕಳೆದದ್ದುಂಟು.

ರಕ್ತದಲ್ಲಿ ಸಕ್ಕರೆ ಇದೆಯೆಂದು ಮೂರು ವರ್ಷದ ಹಿಂದೆಯೇ ಹೇಳಿದ್ದರು. ಕೊಟ್ಟ ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದಳು. ಸ್ನಾನದ ಮನೆಯವರದ್ದೇ ಒಂದು ವೈದ್ಯಶಾಸ್ತ್ರವಿದೆ: ಒಳಗಿನ ಕೆಟ್ಟದ್ದೆಲ್ಲ ಬೆವರಿನಲ್ಲಿ ಹೊರಟುಹೋಗುತ್ತದೆ.

"ದಿನವೆಲ್ಲ ಹಬೆಯಲ್ಲಿ ನಿಂತು ಕೊಡಗಟ್ಟಲೆ ಬೆವರು ಸುರಿಸ್ತೀನಿ. ಸಕ್ಕರೆ ಎಲ್ಲಿ ಉಳಿಯುತ್ತೆ ಅಕ್ಕ?" ಎಂದು ಮಾಲ್ಸುನ್ ಕೇಳುತ್ತಿದ್ದಳು.

"ಅದಕ್ಕೇ ಮತ್ತೆ ತುಂಬಿಸ್ತಿರೋದು. ಕುಡಿ" ಎಂದು ಬೊಕ್ಜಾ ಲೋಟ ಮುಂದೆ ತಳ್ಳುತ್ತಿದ್ದಳು.

ಇಬ್ಬರೂ ನಗುತ್ತಿದ್ದರು. ಎರಡು ವರ್ಷದಿಂದ ಬರಿಗಾಲಲ್ಲೇ ಕಾಲುಚೀಲ ತೊಟ್ಟಂತೆ ಅನಿಸುತ್ತಿರುವುದನ್ನು ಮಾಲ್ಸುನ್ ಯಾರಿಗೂ ಹೇಳಿರಲಿಲ್ಲ. ನಿಂತು ನಿಂತು ಜೋಮು ಹಿಡಿದಿದೆ ಎಂದುಕೊಂಡಿದ್ದಳು.

ಅಕ್ಟೋಬರಿನ ಒಂದು ಮುಂಜಾನೆ ಬಾಯ್ಲರಿನ ತಿರುಪು ಸಿಕ್ಕಿಕೊಂಡಿತು. ಗೋಡೆಯ ಅಂಕಿ ಏರಿ ಕೂತಿತ್ತು. ಮಾಲ್ಸುನ್ ಅದರತ್ತ ಮೂಗು ಮುರಿದು, ತೊಟ್ಟಿಯಲ್ಲಿ ಕಾಲಿಳಿಸಿ ಕೂತಳು.

"ಅದು ಕೆಟ್ಟಿದೆ. ನೀರು ಇನ್ನೂ ಉಗುರುಬೆಚ್ಚಗಿದೆ. ಅಜ್ಜಿ, ನೀವು ಇಳೀರಿ, ಅಷ್ಟರಲ್ಲಿ ಬಿಸಿ ಆಗುತ್ತೆ."

ಗಿಜಾಂಗ್ ಅಜ್ಜಿ ಎಂದೇ ಎಲ್ಲರೂ ಕರೆಯುವ ಎಂಬತ್ತಾರರ ಮುದುಕಿ ಪ್ರತಿದಿನ ಮೊದಲು ನೀರಿಗಿಳಿಯುವವಳು. ಅವಳು ತೊಟ್ಟಿಯ ಕಂಬಿ ಹಿಡಿದು ಒಂದು ಕಾಲೆತ್ತಿದಳು. ಟವೆಲ್ ಜೋಡಿಸಲು ಬಂದಿದ್ದ ಬೊಕ್ಜಾಗೆ ಅಷ್ಟೊಂದು ಹಬೆ ಯಾಕೋ ಸರಿಕಾಣಲಿಲ್ಲ. ಬಗ್ಗಿ ಬೆರಳು ಅದ್ದಿದವಳು ಚಟ್ಟನೆ ಹಿಂದೆ ಎಳೆದುಕೊಂಡಳು; ಮರುಕ್ಷಣ ಅಜ್ಜಿಯ ಹೆಗಲು ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ಒದ್ದೆ ನೆಲದ ಮೇಲೆ ಕುಕ್ಕರಿಸಿ ಬಿದ್ದರು.

"ಕಾಲು ತೆಗೆಯೇ," ಎಂದಳು ಬೊಕ್ಜಾ, ಬಿದ್ದಲ್ಲಿಂದಲೇ.

"ಯಾಕೆ?" ಎಂದಳು ಮಾಲ್ಸುನ್.

ಬೊಕ್ಜಾ ತೆವಳಿಕೊಂಡು ಬಂದು ಗೆಳತಿಯ ಕಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟಳು. ಹರಡಿನ ಕೆಳಗೆ ಅದು ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳ ಹತ್ತಿರ ಚರ್ಮ ಆಗಲೇ ಸಡಿಲಾಗಿತ್ತು. ಮಾಲ್ಸುನ್ ಬೇರೆಯವರ ಕಾಲು ನೋಡಿದ ಹಾಗೆ ಅದನ್ನು ನೋಡುತ್ತ ಕೂತಳು. ನೋವಿರಲಿಲ್ಲ. ನೋವಿಲ್ಲದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ನಮ್ಗುಂಗ್ ಎಂಬ ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿದರು. ಸಣ್ಣ ವಯಸ್ಸಿನ ಹೆಂಗಸು, ಮಾತು ಕಡಿಮೆ. ಇನ್ನೊಂದು ಪಾದ ಮಡಿಲಲ್ಲಿಟ್ಟುಕೊಂಡು ಅವರು ಗಾಳದ ದಾರದಂಥ ಎಳೆಯೊಂದನ್ನು ಕೈಗೆತ್ತಿಕೊಂಡರು.

"ಕಣ್ಣು ಮುಚ್ಕೊಳ್ಳಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ."

ಮಾಲ್ಸುನ್ ಕಣ್ಣು ಮುಚ್ಚಿ ಕಾದಳು. ಎಷ್ಟು ಹೊತ್ತಾದರೂ ಡಾಕ್ಟರು ಶುರು ಮಾಡಲಿಲ್ಲ.

"ಶುರು ಮಾಡಿ ಮತ್ತೆ," ಎಂದಳು.

"ಮುಗೀತು," ಎಂದರು ಡಾಕ್ಟರು.

ಅವಳು ಕಣ್ಣು ಬಿಡಲಿಲ್ಲ.

"ಬೆವರಲ್ಲಿ ಹೋಗಲ್ವಾ ಸಕ್ಕರೆ?" ಎಂದು ಕೊನೆಗೆ ಕೇಳಿದಳು.

"ಹೋಗೋ ಹಾಗಿದ್ರೆ ನಾನು ಆಸ್ಪತ್ರೆ ಮುಚ್ಚಿ ಸ್ನಾನದ ಮನೆ ತೆಗೀತಿದ್ದೆ." ಡಾಕ್ಟರು ನಗಲಿಲ್ಲ. "ನೋಡಿ ಅಮ್ಮ, ಸುಟ್ಟಿರೋದು ಚರ್ಮ. ಆದ್ರೆ ರಕ್ತದಲ್ಲಿ ಇಷ್ಟು ಸಕ್ಕರೆ ಇದ್ರೆ ಗಾಯ ಕೂಡಲ್ಲ, ಕೀವಾಗುತ್ತೆ. ಹೆಬ್ಬೆರಳು ಉಳಿಯೋದು ಈಗ್ಲೇ ಅನುಮಾನ. ಹೀಗೇ ಬಿಟ್ರೆ ಆಮೇಲೆ ಪಾದ. ಮಾತ್ರೆ ನಾನು ಕೊಡ್ತೀನಿ. ಬಾಯಿ ನಿಮ್ಮದು, ಮೈ ನಿಮ್ಮದು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತೆಗೆಯೋ ಹಾಗೆ ಮಾಡ್ಬೇಡಿ."

ಬೆರಳು ಹೋದರೂ ಮಾಲ್ಸುನ್ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳೇನೋ. ಅವಳನ್ನು ಕೊರೆದದ್ದು ಬೇರೆ. ಕಣ್ಣು ಮುಚ್ಚಿದಾಗೆಲ್ಲ ಗಿಜಾಂಗ್ ಅಜ್ಜಿಯ ಎತ್ತಿದ ಕಾಲು ಕಾಣುತ್ತಿತ್ತು. ಕಡ್ಡಿಯಂಥ ಕಾಲು, ಅದರ ಮೇಲೆ ನೀಲಿ ನರ. ಗೋಡೆಯ ಅಂಕಿಯನ್ನು ಬಿಟ್ಟು ಮಾಲ್ಸುನಳ ಮಾತು ನಂಬಿ ಎತ್ತಿದ ಕಾಲು ಅದು.

ಯಜಮಾನ ಪ್ಯೋ ಕಿತ್ತಳೆಹಣ್ಣಿನ ಪೆಟ್ಟಿಗೆ ಹಿಡಿದು ನೋಡಲು ಬಂದ. ಒಳ್ಳೆಯವನೇ, ಆದರೆ ನೇರ ಮಾತಾಡಲು ಹೆದರುವವನು. ಸಕ್ಕರೆ ಕಾಯಿಲೆಯವಳಿಗೆ ಪೆಟ್ಟಿಗೆಗಟ್ಟಲೆ ಹಣ್ಣು ತಂದಿದ್ದೇನೆಂದು ಹೊಳೆದಾಗ ಅದನ್ನು ಮೊಣಕಾಲ ಹಿಂದೆ ಸರಿಸಿಕೊಂಡ.

"ಸೊಲ್ಲಾಲ್ ಹಬ್ಬದ ನೂಕುನುಗ್ಗಲಿನವರೆಗೆ ಮೇಜು ನಿಮ್ಮದೇ ಅಕ್ಕ. ಅದುವರೆಗೆ ಯಂತ್ರದಲ್ಲಿ ಹೇಗೋ ತಳ್ತೀನಿ. ಆಮೇಲೆ... ಸಂತೆ ಹತ್ತಿರದ ಸ್ನಾನದ ಮನೆಯಿಂದ ಒಬ್ಬಳು ಬರ್ತೀನಿ ಅಂತಿದ್ದಾಳೆ."

ಚಾಂದ್ರ ವರ್ಷದ ಮೊದಲ ದಿನ ಸೊಲ್ಲಾಲ್. ಹಳೇ ವರ್ಷದ ಕೊಳೆ ಹೊತ್ತುಕೊಂಡು ಹೊಸ ವರ್ಷಕ್ಕೆ ಕಾಲಿಡಬಾರದೆಂದು ಗುಡ್ಡಕ್ಕೆ ಗುಡ್ಡವೇ ಹಿಂದಿನ ದಿನ ಮೈ ಉಜ್ಜಿಸಿಕೊಳ್ಳಲು ಸಾಲುಗಟ್ಟುತ್ತದೆ. ಆ ದಿನ ತನ್ನ ಮೇಜಿನ ಮುಂದೆ ಬೇರೆಯವಳು ನಿಲ್ಲುವುದನ್ನು ಮಾಲ್ಸುನ್ ಊಹಿಸಿ ನೋಡಿದಳು. ಒಂದೇ ಸಲ ನೋಡಿದ್ದು, ಸಾಕಾಯಿತು.

"ಯಾರನ್ನೂ ಕರೆಸ್ಬೇಡಿ. ಹಬ್ಬದ ಹಿಂದಿನ ದಿನ ಬಾಗಿಲು ತೆಗೆಯೋ ಹೊತ್ತಿಗೆ ನಾನು ಇರ್ತೀನಿ," ಎಂದಳು. "ಹಣ್ಣು ವಾಪಸ್ ತಗೊಂಡ್ಹೋಗಿ."

ಪಟ್ಟು ಹಿಡಿದಳೆಂದರೆ ಮಾಲ್ಸುನ್ ಬಿಡುವ ಪೈಕಿಯಲ್ಲ. ಮರುದಿನವೇ ಗಂಡ ದೊಕ್ಸುವನ್ನು ಸಂತೆಗೆ ಅಟ್ಟಿ ಬಾರ್ಲಿ ತರಿಸಿದಳು. ದೊಕ್ಸು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ನಿವೃತ್ತನಾದವನು. ಬೆಂಕಿ ನೋಡಿ ನೋಡಿ ಕಣ್ಣು ಮಂಜಾಗಿದ್ದರೂ ನಾಲಗೆ ಚುರುಕಾಗಿತ್ತು.

"ಬಾರ್ಲಿನಾ? ಮದುವೆ ಆದ ಹೊಸದರಲ್ಲಿ ಏನಂದಿದ್ದೆ, ನೆನಪಿದೆಯಾ? ಬಾರ್ಲಿ ಅನ್ನ ಬೇಯಿಸು ಅಂದ್ರೆ ತವರಿಗೆ ಹೋಗ್ತೀನಿ ಅಂದಿದ್ದೆ."

ನೆನಪಿತ್ತು. ಅವಳ ಬಾಲ್ಯದಲ್ಲಿ ಬಿಳಿ ಅಕ್ಕಿ ಅಪ್ಪನ ಬಟ್ಟಲಿಗೆ ಮತ್ತು ಅಣ್ಣನ ಬಟ್ಟಲಿಗೆ. ಹೆಣ್ಣುಮಕ್ಕಳಿಗೆ, ಅದರಲ್ಲೂ ಇದೇ ಕೊನೆಯದಾಗಲಿ ಎಂದು ಮಾಲ್ಸುನ್ ಅಂತ ಹೆಸರಿಟ್ಟ ಐದನೆಯ ಹುಡುಗಿಗೆ, ಕರೀ ಗೀರಿನ ಬಾರ್ಲಿ. ಬೂಸಾನಿಗೆ ಕೆಲಸಕ್ಕೆ ಬಂದು ಮೊದಲ ಸಲ ಬಟ್ಟಲು ತುಂಬ ಬಿಳಿ ಅನ್ನ ಉಂಡ ದಿನ, ಇನ್ನು ಸಾಯುವವರೆಗೆ ಬಾರ್ಲಿ ಮುಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದಳು. ಈಗ ಅದೇ ಬಾರ್ಲಿಯನ್ನು ತೊಳೆದು ನೆನೆಹಾಕುವಾಗ ಕಣ್ಣು ತುಂಬಿತು. ಬಡತನಕ್ಕೆ ಸೋತಾಗಲೂ ಇಷ್ಟು ಬೇಸರವಾಗಿರಲಿಲ್ಲ.

"ನನ್ನ ಆಣೆಗಿಂತ ನನ್ನ ಬೆರಳು ದೊಡ್ಡದು," ಎಂದಳು. "ನೀನೂ ತಿನ್ನು."

ಡಾಕ್ಟರು ಹೇಳಿದ ಕ್ರಮ ಸುಲಭದ್ದು, ಪಾಲಿಸುವುದೇ ಕಷ್ಟ. ಮೊದಲು ಸೊಪ್ಪು ತರಕಾರಿ, ಆಮೇಲೆ ಮೀನೋ ಸೋಯಾ ಗಿಣ್ಣೋ, ಕಟ್ಟಕಡೆಗೆ ಅನ್ನ, ಅದೂ ಅರ್ಧ ಬಟ್ಟಲು. ಹುಟ್ಟಿದಾಗಿನಿಂದ ಒಂದು ತುತ್ತು ಅನ್ನಕ್ಕೆ ಒಂದು ಚೂರು ಪಲ್ಯ ನಂಚಿಕೊಂಡು ಉಂಡವಳಿಗೆ ಅನ್ನವನ್ನು ಎದುರಿಗಿಟ್ಟುಕೊಂಡು ಸೊಪ್ಪು ಅಗಿಯುವುದೆಂದರೆ, ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗೆ. ಸಕ್ಕರೆ ಬೆರೆತ ಕಾಫಿ ಪುಡಿಯ ಪೊಟ್ಟಣಗಳನ್ನು ದೊಕ್ಸು ಕೆಳಗಿನ ಮನೆಯವರಿಗೆ ಕೊಟ್ಟುಬಂದ. ಮೊದಲ ವಾರ ಮಧ್ಯಾಹ್ನ ಮೂರಾದರೆ ಅವಳಿಗೆ ತಲೆನೋವು ಬಂದು, ಕೆಳಗಿನ ಮನೆಯವರ ಮೇಲೆಲ್ಲ ಸಿಟ್ಟು ಬರುತ್ತಿತ್ತು.

ಉಂಡ ಮೇಲೆ ಕೂರಬಾರದು, ಮೈ ಆಡಿಸಬೇಕು ಎಂದಿದ್ದರು ಡಾಕ್ಟರು. ಗಾಯದ ಕಾಲಿನ ಮೇಲೆ ಭಾರ ಹಾಕಬಾರದು ಎಂದೂ ಅವರೇ ಹೇಳಿದ್ದರು. ಕಾಲಿಲ್ಲದೆ ನಡೆಯುವುದು ಹೇಗೆ? ಮಾಲ್ಸುನ್ ಎರಡು ದಿನ ಯೋಚಿಸಿ, ಮೂರನೆಯ ದಿನ ಚಳಿಗಾಲದ ದಪ್ಪ ಹಾಸಿಗೆಯನ್ನು ಸುರುಳಿ ಸುತ್ತಿ ಮೇಜಿನ ಮೇಲೆ ಮಲಗಿಸಿದಳು. ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಚಾಚಿ, ಕೈಗೆ ಹಸಿರು ಚೀಲ ತೊಟ್ಟು ಹಾಸಿಗೆಯನ್ನು ಉಜ್ಜತೊಡಗಿದಳು. ಕುತ್ತಿಗೆಯಿಂದ ಸೊಂಟದವರೆಗೆ, ಸೊಂಟದಿಂದ ಹಿಮ್ಮಡಿಯವರೆಗೆ. ಎಡ ಮಗ್ಗುಲು, ಬಲ ಮಗ್ಗುಲು. ಉಸಿರು ಏರಿ ಹಣೆ ಒದ್ದೆಯಾಗುವವರೆಗೆ ಬಿಡಲಿಲ್ಲ.

ಬಾಗಿಲಲ್ಲಿ ನಿಂತ ದೊಕ್ಸು ಬಹಳ ಹೊತ್ತು ನೋಡಿದ.

"ಯಾರು ಆಯಮ್ಮ?"

"ಕಾರ್ಖಾನೆ ಸಾಹೇಬರ ಹೆಂಡತಿ. ತಿರುಗಿ ಮಲಕ್ಕೊಳ್ಳಮ್ಮ ಅಂದ್ರೆ ತಿರುಗ್ತಾ ಇಲ್ಲ. ಬಂದು ತಿರುಗಿಸು."

ಅಂದಿನಿಂದ ಹೊತ್ತು ಹೊತ್ತಿಗೂ ಉಂಡ ಮೇಲೆ ಸಾಹೇಬರ ಹೆಂಡತಿಗೆ ಸ್ನಾನ. ಹಾಸಿಗೆಯ ಬಟ್ಟೆ ಸವೆದು ಹತ್ತಿ ಇಣುಕಿತು. ಬೆಳಗ್ಗೆ ಬೆರಳಿಗೆ ಸೂಜಿ ಚುಚ್ಚಿ ನೋಡಿದ ಅಂಕಿ ಇಳಿದ ದಿನ ಅವಳು ಹಾಡಿಕೊಳ್ಳುತ್ತಿದ್ದಳು. ಏರಿದ ದಿನ ಹಾಸಿಗೆಗೆ ಗ್ರಹಚಾರ.

ಬೊಕ್ಜಾ ಬಂದದ್ದು ಆ ದಿನಗಳಲ್ಲೇ. ಗುಡ್ಡ ಹತ್ತಿ ಏದುಸಿರು ಬಿಡುತ್ತ ಬಂದವಳು ಬಟ್ಟೆ ಸುತ್ತಿದ ಜಾಡಿಯನ್ನು ಮುಂದಿಟ್ಟಳು. ಸಿಖ್ಯೆ. ಮೇಲೆ ಅನ್ನದ ಅಗುಳು ಬಿಳಿ ಹೂವಿನ ಎಸಳಂತೆ ತೇಲುತ್ತಿತ್ತು.

"ಸಕ್ಕರೆ ಅರ್ಧ ಹಾಕಿದ್ದೀನಿ. ಒಂದು ಲೋಟ ಏನೂ ಮಾಡಲ್ಲ."

"ಬೇಡ ಅಕ್ಕ."

"ಅರ್ಧ ಲೋಟ."

"ಒಂದು ಗುಟುಕೂ ಬೇಡ. ಒಂದು ಗುಟುಕು ಕುಡಿದ್ರೆ ಜಾಡಿ ಖಾಲಿ ಮಾಡೋವಳು ನಾನು, ನಿನಗೇ ಗೊತ್ತು. ಇದು ಕಣ್ಣೆದುರು ಇರೋದೂ ಬೇಡ. ತಗೊಂಡ್ಹೋಗು."

ಹೇಳುವ ರೀತಿ ಇನ್ನೂ ಮೆತ್ತಗಿರಬಹುದಿತ್ತು. ಆದರೆ ಆ ಅಗುಳುಗಳನ್ನು ನೋಡಿ ಅವಳ ಬಾಯಲ್ಲಿ ನೀರೂರಿತ್ತು, ಅದರ ಸಿಟ್ಟೆಲ್ಲ ಮಾತಿಗೆ ಬಂತು. ಬೊಕ್ಜಾಳ ಮುಖ ಕೆಂಪಾಯಿತು.

"ಇಪ್ಪತ್ತು ವರ್ಷ ಕುಡಿಯೋವಾಗ ಅಮೃತ. ಈಗ ವಿಷ. ಹಾಗಂತ ನೇರವಾಗಿ ಹೇಳ್ಬಿಡು. ಬೊಕ್ಜಾ ಲೋಟ ಲೋಟ ಸಕ್ಕರೆ ಕುಡಿಸಿ ನನ್ನ ಕಾಲು ತಿಂದಳು ಅಂತ ಗುಡ್ಡಕ್ಕೆಲ್ಲ ಸಾರು."

"ನಾನೆಲ್ಲಿ ಹಾಗಂದೆ?"

"ಅನ್ಬೇಕಾ? ನನಗೆ ಅಷ್ಟೂ ಗೊತ್ತಾಗಲ್ವಾ?"

ಜಾಡಿ ಎತ್ತಿಕೊಂಡು ಬೊಕ್ಜಾ ಇಳಿದುಹೋದಳು. ಮೆಟ್ಟಿಲ ತಿರುವಿನಲ್ಲಿ ನಿಂತು ಅವಳು ಜಾಡಿಯನ್ನು ಮೋರಿಗೆ ಸುರಿದದ್ದನ್ನು ಮಾಲ್ಸುನ್ ಕಿಟಕಿಯಿಂದ ನೋಡಿದಳು. ಕೂಗಿ ಕರೆಯಬೇಕೆನಿಸಿತು. ಕರೆದರೆ ತಾನು ಕುಡಿದುಬಿಡುತ್ತೇನೆಂದು ಹೆದರಿ ಸುಮ್ಮನಾದಳು. ಅವತ್ತು ಸಾಹೇಬರ ಹೆಂಡತಿಗೆ ಎರಡು ಸಲ ಸ್ನಾನವಾಯಿತು. ಆಮೇಲೆ ಬೊಕ್ಜಾ ಬರಲಿಲ್ಲ. ಬಿಗುಮಾನ ಇಬ್ಬರಿಗೂ ಇತ್ತು. ಸಂತೆಯಲ್ಲಿ ದೊಕ್ಸು ಸಿಕ್ಕಾಗ ಮಾತ್ರ ಬೊಕ್ಜಾ ಅವನನ್ನು ನಿಲ್ಲಿಸಿ ಏನೇನೋ ಕೇಳುತ್ತಿದ್ದಳಂತೆ. ಏನು ಕೇಳಿದಳೆಂದು ಅವನು ಹೇಳಲಿಲ್ಲ, ಇವಳೂ ಬಾಯಿಬಿಟ್ಟು ಕೇಳಲಿಲ್ಲ.

ವರ್ಷದ ಅತಿ ಚಿಕ್ಕ ಹಗಲಿನಂದು ಕೆಂಪು ಅವರೆಯ ಗಂಜಿ ಮಾಡಿ, ಅದರಲ್ಲಿ ಅಕ್ಕಿಹಿಟ್ಟಿನ ಉಂಡೆ ತೇಲಿಸಿ, ವಯಸ್ಸಿಗೊಂದರಂತೆ ಎಣಿಸಿ ತಿನ್ನುವುದು ಪದ್ಧತಿ. ಮಾಲ್ಸುನ್ ಮೂರು ಉಂಡೆ ತಿಂದು ಚಮಚ ಕೆಳಗಿಟ್ಟಳು.

"ಮೂರು ವರ್ಷದ ಮಗು ನಾನು," ಎಂದಳು.

"ಹಾಗಾದ್ರೆ ಉಳಿದದ್ದೆಲ್ಲ ನಂದು. ನನಗೀಗ ನೂರಿಪ್ಪತ್ತು ದಾಟ್ತು," ಎಂದು ದೊಕ್ಸು ಅವಳ ಬಟ್ಟಲನ್ನೂ ಎಳೆದುಕೊಂಡ.

ನಕ್ಕರು. ನಗುವಾಗ ಅವಳಿಗೆ ಬೊಕ್ಜಾ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಗಾಯ ಕೂಡಲು ಮನಸ್ಸು ಮಾಡಿದ್ದು ಚಳಿ ಗಟ್ಟಿಯಾದ ಮೇಲೆ. ಹೆಬ್ಬೆರಳಿನ ಕಪ್ಪು ಮೆಲ್ಲಗೆ ಹಿಂದೆ ಸರಿದು, ಅದರ ಕೆಳಗಿಂದ ಎಳೆಯ ಚರ್ಮ ಬಂತು. ಡಾಕ್ಟರು ಒಪ್ಪಿಗೆ ಕೊಟ್ಟ ದಿನದಿಂದ ಮಾಲ್ಸುನ್ ಮೆತ್ತನೆಯ ಷೂ ತೊಟ್ಟು ಗುಡ್ಡದ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಮೊದಲು ಅಂಚೆ ಡಬ್ಬಿಯವರೆಗೆ, ಆಮೇಲೆ ಬಾವಿಕಟ್ಟೆಯವರೆಗೆ, ಆಮೇಲೆ ಮೇಲಿನ ರಸ್ತೆಯವರೆಗೆ. ಮನೆಗೆ ಬಂದು ಕೈಗನ್ನಡಿಯನ್ನು ನೆಲದ ಮೇಲಿಟ್ಟು, ಗೊತ್ತಾಗದೆ ಹೊಸ ಗಾಯವಾಗಿದೆಯೇ ಎಂದು ಅಂಗಾಲು ನೋಡಿಕೊಳ್ಳಬೇಕು. ಕನ್ನಡಿಯಲ್ಲಿ ಅವಳಿಗೆ ಅರ್ಧ ಕಾಣುತ್ತಿತ್ತು. ದೊಕ್ಸುವಿಗೆ ತೋರಿಸಿದರೆ ಅವನ ಮಂಜುಗಣ್ಣಿಗೆ ಅದೂ ಇಲ್ಲ.

ಸೊಲ್ಲಾಲ್‌ಗೆ ವಾರವಿರುವಾಗ ಡಾಕ್ಟರು ರಕ್ತದ ಫಲಿತಾಂಶ ನೋಡಿ ಮೊದಲ ಸಲ ನಕ್ಕರು.

"ಬೆರಳು ಉಳೀತು. ಸಕ್ಕರೆ ಹತೋಟಿಗೆ ಬಂದಿದೆ. ಇದು ಬಿಟ್ಟುಹೋಗೋ ಕಾಯಿಲೆ ಅಲ್ಲ, ನೀವು ಬಿಡದೆ ಹಿಡ್ಕೊಂಡಿರ್ಬೇಕು ಅಷ್ಟೇ."

"ಮತ್ತೆ ಸ್ಪರ್ಶ?"

ಡಾಕ್ಟರು ದಾರದ ಎಳೆಯನ್ನು ತೆಗೆದರು. ಮಾಲ್ಸುನ್ ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ಕಾದಳು.

"ಅದು ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ," ಎಂದರು ಡಾಕ್ಟರು. "ಇನ್ಮೇಲೆ ಒಂದು ಹೆಜ್ಜೆಯೂ ಬರಿಗಾಲಲ್ಲಿ ಬೇಡ. ಬಿಸಿ ನೀರಿಗಂತೂ ಪಾದ ಇಳಿಸ್ಲೇಬೇಡಿ."

ಬರುವ ದಾರಿಯಲ್ಲಿ ಅವಳಿಗೆ ಅಳು ಬಂತು, ಅತ್ತಳು. ಇಷ್ಟು ತಿಂಗಳು ಬಾರ್ಲಿ ಅಗಿದದ್ದು ಆ ಕಾಲು ತಿರುಗಿ ಬರಲಿ ಎಂದೇ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಸಂತೆಯಲ್ಲಿ ಬಿಳಿ ರಬ್ಬರ್ ಬೂಟು ಕೊಂಡು ಸೀದಾ ಯಜಮಾನನ ಮುಂದೆ ನಿಂತಳು.

ಪ್ಯೋ ಬೂಟು ನೋಡಿ ತಲೆ ಕೆರೆದುಕೊಂಡ. ಸ್ನಾನದ ಮನೆಯೊಳಗೆ ಪಾದರಕ್ಷೆ ಎಂದರೆ ಊಟದ ತಟ್ಟೆಯಲ್ಲಿ ಕಾಲಿಟ್ಟ ಹಾಗೆ.

"ಹೆಂಗಸರು ಒಪ್ತಾರಾ ಅಕ್ಕ?"

"ಅವರೆದುರಿಗೇ ಸೋಪು ಹಾಕಿ ತೊಳೀತೀನಿ. ಅವರ ಮೈಗಿಂತ ಶುಭ್ರ ಇರುತ್ತೆ. ಒಪ್ಪದವರು ಯಂತ್ರಕ್ಕೆ ಬೆನ್ನು ಕೊಡಲಿ."

"ನೀರು ನೋಡೋದು?"

"ಕೈ ಇದೆಯಲ್ಲ. ಗೋಡೆ ಮೇಲೆ ಅಂಕಿ ಇದೆ. ಎರಡೂ ಒಂದೇ ಮಾತು ಹೇಳಿದ್ರೆ ಮಾತ್ರ ಇಳೀರಿ ಅಂತೀನಿ. ನನ್ನ ಕಾಲು ಸುಳ್ಳು ಹೇಳ್ತು ಯಜಮಾನರೇ. ಸುಳ್ಳು ಹೇಳಿದ ಸಾಕ್ಷಿನ ಮತ್ತೆ ಕೋರ್ಟಿಗೆ ಕರೀಬಾರದು."

ಹಬ್ಬದ ಹಿಂದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಸಾಲು ತಿರುವಿನವರೆಗೆ ನಿಂತಿತ್ತು. ಬೊಕ್ಜಾ ತನ್ನ ಅಂಗಡಿಯಲ್ಲಿ ಲೋಟ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. ಮಾಲ್ಸುನ್ ಎಲ್ಲರಿಗೂ ಕಾಣುವಂತೆ ಬೂಟು ತಿಕ್ಕಿ ತೊಳೆದು ತೊಟ್ಟುಕೊಂಡಳು. ತೊಟ್ಟಿಯ ಸುತ್ತ ಹೆಂಗಸರು ಬೋಗುಣಿ ಹಿಡಿದು ನಿಂತಿದ್ದರು, ಒಬ್ಬರೂ ಇಳಿಯಲಿಲ್ಲ.

"ಮೀನು ಕಡಿಯೋಕೆ ಬಂದವಳ ಹಾಗಿದ್ದೀಯ," ಎಂದಳು ಒಬ್ಬಳು.

"ಮೊದಲು ನಿನ್ನನ್ನೇ ಕಡೀತೀನಿ, ಮಲಕ್ಕೋ," ಎಂದಳು ಮಾಲ್ಸುನ್.

ಮಂಡಿಯೂರಿ, ಮಗುವಿನ ಸ್ನಾನಕ್ಕೆ ನೋಡುವ ಹಾಗೆ ಮೊಳಕೈಯನ್ನು ನೀರಿಗಿಳಿಸಿದಳು. ತಲೆಯೆತ್ತಿ ಗೋಡೆಯ ಅಂಕಿ ಓದಿದಳು. ಮತ್ತೆ ಮೊಳಕೈ. ಗಿಜಾಂಗ್ ಅಜ್ಜಿ ಗುಂಪನ್ನು ಸೀಳಿಕೊಂಡು ಮುಂದೆ ಬಂದು ಕಂಬಿ ಹಿಡಿದಳು.

"ಇಳೀಲಾ?"

"ಅಜ್ಜಿ, ಅವತ್ತು..."

"ಅವತ್ತಿಂದು ಅವತ್ತಿಗೆ. ಹಳೇ ವರ್ಷದ ಕೊಳೆ ಮೈಮೇಲೆ ಇಟ್ಕೊಂಡು ನಿಂತಿದ್ದೀನಿ. ಇಳೀಲಾ ಬೇಡ್ವಾ, ಅಷ್ಟು ಹೇಳು."

"ಇಳೀರಿ," ಎಂದಳು ಮಾಲ್ಸುನ್.

ಅಜ್ಜಿ ಕಾಲೆತ್ತಿ ನೀರಿಗಿಟ್ಟಳು. ಗಂಟಲವರೆಗೆ ಮುಳುಗಿ, "ಹಾಯಾಗಿದೆ" ಎಂದು ಉಸಿರುಬಿಟ್ಟಳು. ಉಳಿದವರು ನೂಕಾಡಿಕೊಂಡು ಇಳಿದರು.

ಆಮೇಲೆ ಉಸಿರಾಡಲು ಪುರುಸೊತ್ತಿರಲಿಲ್ಲ. ಹಾಸಿಗೆ ಉಜ್ಜಿ ಉಜ್ಜಿ ರಟ್ಟೆ ಮೊದಲಿಗಿಂತ ಗಟ್ಟಿಯಾಗಿತ್ತು. ಹನ್ನೊಂದರ ಹೊತ್ತಿಗೆ ಒಬ್ಬಾಕೆ ಹೊರಗೆ ಹೋಗಿ, ತೆರೆದ ಬಾಗಿಲಿಂದ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಮಾಲ್ಸುನಕ್ಕನಿಗೆ ನನ್ನ ಲೆಕ್ಕದಲ್ಲಿ ಒಂದು ಸಿಖ್ಯೆ. ದೊಡ್ಡ ಲೋಟ."

ಮಾಲ್ಸುನಳ ಕೈ ನಿಂತಿತು. ಇಷ್ಟು ದಿನ ಮನೆಯಲ್ಲಿ ಬೇಡ ಎಂದದ್ದು ಬೇರೆ; ಇಲ್ಲಿ, ಮೂವತ್ತು ಜನರ ಎದುರು, ಹಬ್ಬದ ಹಿಂದಿನ ದಿನ ಬೇಡ ಎನ್ನುವುದು ಬೇರೆ. ಬೇಡ ಎನ್ನಲೇಬೇಕು. ಅವಳು ಬಾಯಿ ತೆರೆಯುವಷ್ಟರಲ್ಲಿ ಬೊಕ್ಜಾಳ ದನಿ ಕೇಳಿತು.

"ಅವಳಿಗೆ ಸಿಖ್ಯೆ ಇಲ್ಲ."

"ಯಾಕೆ, ಮುಗೀತಾ?"

"ಜಾಡಿ ತುಂಬ ಇದೆ. ಅವಳಿಗೆ ಇಲ್ಲ. ಇವತ್ತೂ ಇಲ್ಲ, ಮುಂದಕ್ಕೂ ಇಲ್ಲ. ಮರ್ಯಾದೆ ಮಾಡ್ಬೇಕು ಅಂದ್ರೆ ಇದನ್ನ ಕೊಳ್ಳಿ."

ಬೊಕ್ಜಾ ತಾನೇ ಲೋಟ ಹಿಡಿದು ಒಳಗೆ ಬಂದಳು. ಸಿಖ್ಯೆಯದ್ದೇ ಲೋಟ, ಅದೇ ಮಂಜುಗಡ್ಡೆ. ಒಳಗೆ ಕಂದು ಬಣ್ಣದ ನೀರು. ಮೇಜಿನ ಮೂಲೆಯಲ್ಲಿ ಇಟ್ಟಳು.

"ಅದೇ ಬಾರ್ಲಿ," ಎಂದಳು ಗೋಡೆ ನೋಡುತ್ತ. "ಕಪ್ಪಗಾಗೋವರೆಗೆ ಹುರಿದು ಕುದಿಸಿದ್ದೀನಿ. ಸಕ್ಕರೆ ಮುಟ್ಟಿಸಿಲ್ಲ. ನಿನ್ನ ಗಂಡನ್ನ ಕೇಳ್ಕೊಂಡೇ ಮಾಡಿದ್ದು."

ಮಾಲ್ಸುನ್ ಒಂದೇ ಉಸಿರಿಗೆ ಕುಡಿದಳು. ಕಹಿಯಾಗಿ, ತಣ್ಣಗೆ, ಸುಟ್ಟ ವಾಸನೆಯಿಂದ ಕೂಡಿತ್ತು. ಏನಾದರೂ ಹೇಳಿದರೆ ಅಳು ಬರುತ್ತದೆಂದು ಖಾಲಿ ಲೋಟ ವಾಪಸು ಕೊಟ್ಟು, "ಇನ್ನೊಂದು ತಾ" ಎಂದಳು.

ಹಬ್ಬದ ಮುಂಚಿನ ದಿನ ಮಧ್ಯಾಹ್ನಕ್ಕೇ ಬಾಗಿಲು ಮುಚ್ಚುತ್ತಾರೆ. ಕೊನೆಯ ಹೆಂಗಸು ಹೋದ ಮೇಲೆ ಬೊಕ್ಜಾ ಬಟ್ಟೆ ಬಿಚ್ಚಿ ಒಳಗೆ ಬಂದಳು. ಪ್ರತಿವರ್ಷ ಆ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಉಜ್ಜಿಕೊಳ್ಳುವುದು ರೂಢಿ. ಮಾಲ್ಸುನ್ ಮೇಜಿನ ಕಡೆ ಕೈ ತೋರಿಸಿದಳು.

"ಈ ಸಲ ಮೊದಲು ನೀನು ಮಲಗು," ಎಂದಳು ಬೊಕ್ಜಾ. "ಬೂಟು ಬಿಚ್ಚು."

ಅವಳು ಬೆನ್ನು ಮುಟ್ಟಲಿಲ್ಲ. ಕಾಲ ಕಡೆ ಹೋಗಿ ಸ್ಟೂಲು ಎಳೆದುಕೊಂಡು ಕೂತು, ಬಲಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಬೆರಳ ಸಂದು ಸಂದು ಬಿಡಿಸಿ ನೋಡಿದಳು. ಅಂಗಾಲನ್ನು ಬೆಳಕಿಗೆ ತಿರುಗಿಸಿದಳು. ಎಳೆ ಚರ್ಮದ ಮೇಲೆ ಹೆಬ್ಬೆರಳಿಟ್ಟಳು.

"ಗೊತ್ತಾಗ್ತಿದೆಯಾ?"

"ಇಲ್ಲ."

ಹಿಮ್ಮಡಿಗೆ ಬಂದಳು. "ಇಲ್ಲಿ?"

"ಇಲ್ಲ."

ಬೊಕ್ಜಾಳ ಕೈ ಮೇಲೆ ಸರಿಯಿತು. ಹರಡು ದಾಟಿ, ಮೀನಖಂಡದ ಬುಡದಲ್ಲಿ ಒತ್ತಿತು. "ಇಲ್ಲಿ?"

"ಹೂಂ," ಎಂದಳು ಮಾಲ್ಸುನ್. "ಅಲ್ಲಿ ಗೊತ್ತಾಗ್ತಿದೆ."

ಬೊಕ್ಜಾ ಆ ಜಾಗವನ್ನು ಬೆರಳಿಂದ ಸುತ್ತಲೂ ಗೀರಿ ಗುರುತು ಮಾಡಿದಳು, ಬಟ್ಟೆ ಅಳೆಯುವವಳ ಹಾಗೆ.

"ಸರಿ. ಇದರಿಂದ ಮೇಲೆ ನೀನು ನೋಡ್ಕೋ. ಇದರಿಂದ ಕೆಳಗೆ ದಿನಾ ನಾನು ನೋಡ್ತೀನಿ."

ಮಾಲ್ಸುನ್ ಮುಖವನ್ನು ಮೇಜಿಗೆ ಒತ್ತಿಕೊಂಡಳು. ಬೊಕ್ಜಾ ಒಣ ಟವೆಲ್ ತೆಗೆದುಕೊಂಡು ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸತೊಡಗಿದಳು.